ಧರ್ಮ: 200 ರೂಪಾಯಿ

ನಿನ್ನೆ ಅಪ್ಪನ ಜೊತೆ ಭತ್ತದ ಲೆಕ್ಕ ಮಾಡಿಸಲು ದಲಾಲಿ ಅಂಗಡಿಗೆ ಹೋಗಿದ್ದೆ. ಬಂದಾಗಿನಿಂದ ಹೊಟ್ಟೆಯಲ್ಲಿ ಒಂದೇ ಸಮನೆ ಸಂಕಟ. ರಾತ್ರಿ ನಿದ್ದೆಯೂ ಹತ್ತಲಿಲ್ಲ. ಯಾರ ಮುಂದಾದರೂ ಹೇಳಿಕೊಳ್ಳಬೇಕು, ಅದಕ್ಕೇ ಬರೆಯಲು ಕೂತಿದ್ದೇನೆ. ಉದ್ದ ಆಗುತ್ತದೆ, ಪೂರ್ತಿ ಓದಿ.

ನಮ್ಮದು ಕೊಪ್ಪಳ ಜಿಲ್ಲೆಯ ಕಾರಟಗಿ ಕಡೆಯ ಊರು, 3 ಎಕರೆ ಗದ್ದೆ, ತುಂಗಭದ್ರಾ ಡ್ಯಾಮಿನ ಎಡದಂಡೆ ಕಾಲುವೆ ನೀರು. ನಿಮಗೆಲ್ಲ ಗೊತ್ತಿದ್ದದ್ದೇ. ಈ ಸಲ, 2025ರ ಮುಂಗಾರಿಗೆ, 100 ಚೀಲ ಆಯಿತು. 75 ಕೆಜಿ ಚೀಲ. ಡ್ಯಾಮಿನ ಗೇಟು ಬದಲಿಸುವ ಕೆಲಸ ಇರುವುದರಿಂದ ಈ ಸಲ ಎರಡನೇ ಬೆಳೆಗೆ ನೀರು ಬಿಡುವುದಿಲ್ಲ ಅಂದಿದ್ದಾರೆ. ಹಾಗಾಗಿ ಇಡೀ ವರ್ಷಕ್ಕೆ ಈ 100 ಚೀಲವೇ ನಮ್ಮ ಅನ್ನ, ನಮ್ಮ ಸಾಲ, ನಮ್ಮ ಔಷಧಿ ಖರ್ಚು ಎಲ್ಲ.

ಅಂಗಡಿಯ ಸಾವುಕಾರರು ಚೀಟಿ ಬರೆದು ಅಪ್ಪನ ಕೈಗೆ ಕೊಟ್ಟರು. ಅಪ್ಪ ಅದನ್ನು ಓದದೆ ಮಡಚಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡ. ನಾನು ಇಸಿದುಕೊಂಡು ನೋಡಿದೆ. ಮೇಲೆ ತೂಕ. ಅದರ ಕೆಳಗೆ ಸೂಟು, ಅಂದರೆ ತೂಕದಲ್ಲಿ ಮುರಿದುಕೊಳ್ಳುವುದು, ಚೀಲಕ್ಕೆ 2 ಕೆಜಿ. ಆಮೇಲೆ ಹಮಾಲಿ. ಆಮೇಲೆ ಗೊಬ್ಬರದ, ಬೆಳೆಗೆ ಹೊಡೆಯುವ ಎಣ್ಣೆಯ ಉದ್ರಿ, ಅದಕ್ಕೆ ಬಡ್ಡಿ. ಎಲ್ಲಕ್ಕಿಂತ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು: ಧರ್ಮ, 200.

ಸೂಟಿನ ಲೆಕ್ಕ ಮೊದಲು ಹೇಳಿಬಿಡುತ್ತೇನೆ. 100 ಚೀಲಕ್ಕೆ 200 ಕೆಜಿ. 2025-26ಕ್ಕೆ ಸರ್ಕಾರ ಸಾಮಾನ್ಯ ಭತ್ತಕ್ಕೆ ಇಟ್ಟ ಬೆಂಬಲ ಬೆಲೆ ಕ್ವಿಂಟಲ್‌ಗೆ 2,369 ರೂಪಾಯಿ. ಆ ದರ ಹಿಡಿದರೂ 4,738 ರೂಪಾಯಿಯ ಭತ್ತ ಕಾಟಾದ ಮೇಲೆಯೇ ಮಾಯ. ಹಸಿ ಇದೆ, ಜೊಳ್ಳಿದೆ, ಒಣಗಿದ ಮೇಲೆ ತೂಕ ಇಳಿಯುತ್ತದೆ ಅಂತ ಏನೇನೋ ಕಾರಣ ಹೇಳುತ್ತಾರೆ. ನಮ್ಮ ಭತ್ತ ನಾಲ್ಕು ದಿನ ರಸ್ತೆ ಬದಿ ಒಣಗಿದ್ದು. ಅವ್ವ ಬಿಸಿಲಲ್ಲಿ ಕಾಲಿನಿಂದಲೇ ಸಾಲು ಎಳೆದು ತಿರುವಿ ಹಾಕಿದ್ದಾಳೆ. ಹಸಿ ಎಲ್ಲಿಂದ ಬಂತು? ಈ ಜಗಳ ಹಳೆಯದು, ಮಾರುಕಟ್ಟೆಗೆ ಹೋದ ಪ್ರತಿ ರೈತನೂ ಮಾಡಿದ್ದಾನೆ. ಅದನ್ನು ಇಲ್ಲಿಗೇ ಬಿಡುತ್ತೇನೆ.

ನನ್ನನ್ನು ಸುಟ್ಟಿದ್ದು ಆ 200 ರೂಪಾಯಿ.

'ಇದೇನ್ರಿ ಸಾವುಕಾರ್ರೆ?' ಅಂದೆ. 'ದೇವರ ಕೆಲಸಕ್ಕ ರೀ, ಚೀಲಕ್ಕ ಎರಡು ರೂಪಾಯಿ, ಎಲ್ಲಾರ ಹತ್ರಾನೂ ಹಿಡೀತೀವಿ' ಅಂದರು. ಅಪ್ಪ ನನ್ನ ತೋಳು ಹಿಡಿದು, 'ಹೋಗ್ಲಿ ಬಿಡೋ ತಮ್ಮಾ, ದೇವ್ರಿಗೇ ಹೋಗ್ತೈತಿ' ಅಂದ. ನಾನು ಬಿಡಲಿಲ್ಲ. ನಮ್ಮನ್ನು ಒಂದು ಮಾತು ಕೇಳದೆ, ನಮ್ಮ ದುಡ್ಡು ಮುರಿದುಕೊಂಡು, ಅದಕ್ಕೆ ಧರ್ಮ ಅಂತ ಹೆಸರಿಡುವುದು ಯಾವ ಧರ್ಮ?

ನಮ್ಮ ಅಪ್ಪನಿಗೆ ದೇವರಿಗೆ ಕೊಡುವುದನ್ನು ಯಾರೂ ಕಲಿಸಬೇಕಾಗಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿ ಹೋಯಿತಲ್ಲ, ನೆನಪಿದೆಯಾ? ನಾಟಿ ಮಾಡಿ ಇನ್ನೂ ತಿಂಗಳೂ ಆಗಿರಲಿಲ್ಲ. ನೀರೆಲ್ಲ ಹೊಳೆಗೆ ಹೋಗುತ್ತಿದೆ ಅಂತ ಟಿವಿಯಲ್ಲಿ ತೋರಿಸುತ್ತಿದ್ದರು. ಅಪ್ಪ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ಬೆಳೆ ಕೈಗೆ ಬಂದರೆ ಒಂದು ಚೀಲ ಅಕ್ಕಿ ತಂದೊಪ್ಪಿಸುತ್ತೇನೆ ಅಂತ ಹುಲಿಗಿಯ ದೇವಿ ಹುಲಿಗೆಮ್ಮನಿಗೆ ಹರಕೆ ಹೊತ್ತ. ಒಂದು ವಾರದೊಳಗೆ ತಾತ್ಕಾಲಿಕ ಗೇಟು ಕೂತಿತು, ಆಮೇಲೆ ಮಳೆ ಬಂದು ಡ್ಯಾಮು ಮತ್ತೆ ತುಂಬಿತು. ಗೇಟು ಕೂರಿಸಿದವರು ಹರಿಯುವ ನೀರಿನ ಮೇಲೆ ನಿಂತು ಹಗಲು ರಾತ್ರಿ ದುಡಿದ ಕೆಲಸಗಾರರು, ಎಂಜಿನಿಯರ್‌ಗಳು. ಅಪ್ಪನಿಗೂ ಅದು ಗೊತ್ತು. ಆದರೂ ಆಡಿದ ಮಾತು ಆಡಿದ್ದೇ. ಸುಗ್ಗಿ ಮುಗಿದ ಮೇಲೆ ಹುಲಿಗಿಗೆ ಬಸ್ಸಿನಲ್ಲಿ ಅಕ್ಕಿ ಒಯ್ದು, ಸ್ಟ್ಯಾಂಡಿನಿಂದ ಗುಡಿಯವರೆಗೆ ತಾನೇ ಹೊತ್ತ. ನಾನು ಹೊರುತ್ತೇನೆ ಅಂದರೆ ಕೊಡಲಿಲ್ಲ. ಬೆವರು ಒರೆಸಿಕೊಳ್ಳುತ್ತಾ ಅಮ್ಮನ ಮುಂದೆ ಚೀಲ ಇಳಿಸಿದಾಗ ಅವನ ಮುಖ ನೋಡಬೇಕಿತ್ತು ನೀವು. ಕೊಡುವುದು ಅಂದರೆ ಅದು. ಅದರ ಮುಂದೆ ಈ ಚೀಟಿಯ ಕೆಳಗಿನ ಸಾಲು ಏನು?

ನಾನು ಚಿಕ್ಕವನಿದ್ದಾಗ ರಾಶಿ ಕಣದಲ್ಲೇ ಆಗುತ್ತಿತ್ತು. ಕಣ ಸಾರಿಸಿ, ರಾಶಿಗೆ ವಿಭೂತಿ ಹಚ್ಚಿ, ಕಾಯಿ ಒಡೆದ ಮೇಲೆಯೇ ಅಳತೆ. ಅಳೆಯುವಾಗ ಯಾರೂ ಚಪ್ಪಲಿ ಹಾಕಿಕೊಂಡು ಕಣಕ್ಕೆ ಕಾಲಿಡುವಂತಿರಲಿಲ್ಲ, ಮಾತೂ ಆಡುವಂತಿರಲಿಲ್ಲ. ಅಜ್ಜ ಮೊದಲ ಅಳತೆಗೆ 'ಒಂದು' ಅನ್ನುತ್ತಿರಲಿಲ್ಲ, 'ಲಾಭ' ಅನ್ನುತ್ತಿದ್ದ. ಆಮೇಲೆ ಎರಡು, ಮೂರು. ಅಳೆದು ಮುಗಿದ ಮೇಲೆ ಬಡಿಗೇರರಿಗೆ, ಕಂಬಾರರಿಗೆ, ಮಡಿವಾಳರಿಗೆ, ಗುಡಿಯ ಪೂಜಾರಿಗೆ, ಮೊಹರಂನಲ್ಲಿ ಅಲಾಯಿ ದೇವರು ಕೂರಿಸುವ ಮುಲ್ಲಾ ಕಾಕಾನಿಗೆ ಒಂದೊಂದು ಮೊರ. ಎಲ್ಲವೂ ಅಜ್ಜನ ಕೈಯಿಂದಲೇ ಹೋಗುತ್ತಿತ್ತು. ಹಾಗಂತ ಕಣದಲ್ಲಿ ಎಲ್ಲ ಚಂದ ಇತ್ತು ಅನ್ನಲಾರೆ. ಕೇರಿಯಿಂದ ಬಂದವರು ದೂರ ನಿಂತು ಕಾಯುತ್ತಿದ್ದರು. ವರ್ಷವೆಲ್ಲ ದುಡಿದ ಅವರ ಸೆರಗಿಗೆ ಕೊನೆಗೆ ಬೀಳುತ್ತಿದ್ದದ್ದು ಮಣ್ಣು ಕೂಡಿದ ತಳದ ಕಾಳು. ಅದು ಅನ್ಯಾಯ. ಅದನ್ನು ನೋಡಿಯೂ ನಾವು ಸುಮ್ಮನಿದ್ದೆವು. ಆದರೆ ದೇವರ ಪಾಲು ಅಂತ ಇನ್ನೊಬ್ಬರ ರಾಶಿಗೆ ಯಾರೂ ಕೈ ಹಾಕುತ್ತಿರಲಿಲ್ಲ. ಈಗ ಕಟಾವು ಮಷಿನ್ ಬರುತ್ತದೆ, ನೋಡನೋಡುತ್ತಲೇ ಗದ್ದೆ ಖಾಲಿ. ಟ್ರ್ಯಾಕ್ಟರ್ ಅಲ್ಲಿಂದ ರಸ್ತೆಗೆ, ರಸ್ತೆಯಿಂದ ಅಂಗಡಿಗೆ. ಕಣವೇ ಇಲ್ಲ. ಕಣ ಹೋದದ್ದಕ್ಕೆ ನನಗೇನೂ ದುಃಖವಿಲ್ಲ, ಅವ್ವನ ಸೊಂಟ ಉಳಿಯಿತು. ಆದರೆ ಕೊಡುವ ಕೈ ನಮ್ಮದೇ ಇರಬೇಕಿತ್ತು, ಅಲ್ವಾ?

ನಾನು ವಾದ ಮಾಡುತ್ತಿದ್ದಾಗ ಸಾವುಕಾರರು ಒಂದು ಮಾತು ಅಂದರು. 'ಮಾಸ್ತರ್ರಾ, ಇದೆಲ್ಲಾ ನಿಮಗ ಹೊಸಾದೇನ್ರಿ?'

ಹೊಸದಲ್ಲ. ಇದನ್ನು ಇಲ್ಲಿ ಬಹಳ ಜನಕ್ಕೆ ಹೇಳಿಲ್ಲ. ಡಿಗ್ರಿ ಮುಗಿಸಿ ಮಾಸ್ತರ ನೌಕರಿ ಸಿಗುವವರೆಗೆ ಎರಡು ವರ್ಷ ನಾನು ಬೇರೊಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ರಸೀದಿಯಲ್ಲದ ಬಿಳಿ ಚೀಟಿ ಬರೆದಿದ್ದೇನೆ. ಸೂಟು ಬರೆದಿದ್ದೇನೆ. ಕೊನೆಯಲ್ಲಿ 'ಧರ್ಮ' ಅಂತಲೂ ನನ್ನ ಕೈಯಿಂದಲೇ ಬರೆದಿದ್ದೇನೆ. ಒಬ್ಬ ಮುದುಕಿ ಎಂಟು ಚೀಲ ಭತ್ತ ತಂದಿದ್ದಳು. ಗಂಡ ಇರಲಿಲ್ಲ. ಚೀಟಿ ಕೊಟ್ಟರೆ 'ಓದಿ ಹೇಳಪ್ಪಾ' ಅಂದಳು. ನಾನು ಎಲ್ಲ ಓದಿ ಕೊನೆಯ ಸಾಲು ಮಾತ್ರ ಬಿಟ್ಟೆ. ಅವಳು ಕೈ ಮುಗಿದು ಹೋದಳು. ಇವತ್ತಿಗೂ ಆ ಕೈ ಮುಗಿದದ್ದು ನನ್ನ ಕಣ್ಣಿಂದ ಹೋಗಿಲ್ಲ. ನಿನ್ನೆ ನಾನು ಅಷ್ಟು ಕೂಗಾಡಿದ್ದು ಅಪ್ಪನ 200 ರೂಪಾಯಿಗಲ್ಲ, ಆ ಎಂಟು ಚೀಲಕ್ಕೆ.

ನೀವು ಏನು ಹೇಳುತ್ತೀರಿ ಅಂತಲೂ ಗೊತ್ತು. ಬ್ಯಾಂಕು ಕೊಡದ ಸಾಲ ಸಾವುಕಾರರು ಕೊಡುತ್ತಾರೆ. ಮಧ್ಯರಾತ್ರಿ ಆಸ್ಪತ್ರೆಗೆ ದುಡ್ಡು ಬೇಕೆಂದರೆ ಬಾಗಿಲು ತೆಗೆಯುವುದು ಅವರೇ. ಅಂಗಡಿಯ ಹೆಸರಲ್ಲಿ ಜಾತ್ರೆಗೆ ಅನ್ನ ಹಾಕಿಸುತ್ತಾರೆ, ನಾವೂ ಉಂಡಿದ್ದೇವೆ. ನಿಜ, ನಮ್ಮ ಅವ್ವನ ಆಪರೇಷನ್ನಿಗೆ ದುಡ್ಡು ಕೊಟ್ಟದ್ದು ಇವರೇ, ಅದನ್ನು ಮರೆಯುವವನಲ್ಲ ನಾನು. ಆದರೆ ಅದಕ್ಕೆ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ ಮುರಿದುಕೊಂಡಿದ್ದಾರೆ. ಉಪಕಾರದ ಲೆಕ್ಕ ಬಡ್ಡಿಯಲ್ಲೇ ತೀರಿತು. ಇನ್ನು ಅನ್ನ ಹಾಕಿಸುವುದು. ನೂರಾರು ರೈತರಿಂದ ಚೀಲಕ್ಕೆ ಎರಡೆರಡು ರೂಪಾಯಿ ಹಿಡಿದು ಅನ್ನ ಹಾಕಿಸಿದರೆ ಆ ಅನ್ನ ಯಾರದು? ಬ್ಯಾನರಿನಲ್ಲಿ ಮಾತ್ರ ಯಾರ ಹೆಸರು?

ಕೊಪ್ಪಳದ ಗವಿಮಠದ ಜಾತ್ರೆ ನೋಡಿ. ಲಕ್ಷಗಟ್ಟಲೆ ರೊಟ್ಟಿ ಬರುತ್ತವೆ. ಯಾರೂ ಯಾರ ಚೀಟಿಯಲ್ಲೂ ಮುರಿದುಕೊಳ್ಳುವುದಿಲ್ಲ. ನಮ್ಮ ಓಣಿಯಲ್ಲಿ ಹೆಣ್ಣುಮಕ್ಕಳೇ ಹಿಟ್ಟು ಕೂಡಿಸುತ್ತಾರೆ. ಒಬ್ಬಳು ಎರಡು ಸೇರು ತಂದರೆ ಇನ್ನೊಬ್ಬಳು ಅರ್ಧ ಸೇರು. ಯಾರು ಎಷ್ಟು ತಂದರು ಅಂತ ಬರೆದಿಡುವವರಿಲ್ಲ. ಬೆಳಗಿನ ಜಾವದಿಂದ ಹಂಚಿನ ಮುಂದೆ ಕೂತು ಬಡಿಯುತ್ತಾರೆ. ರೊಟ್ಟಿ ಆರಿಸಿ, ಬಿಳಿ ಬಟ್ಟೆಯಲ್ಲಿ ಕಟ್ಟಿ ಟ್ರ್ಯಾಕ್ಟರಿಗೆ ಏರಿಸುವಾಗ ಅವ್ವ ಗಂಟಿಗೆ ಒಮ್ಮೆ ಹಣೆ ಮುಟ್ಟಿಸುತ್ತಾಳೆ.

ಬಸವಣ್ಣನವರ ಕಾಲದ ಶರಣ ದಂಪತಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದೂರದವರೇನಲ್ಲ. ಲಿಂಗಸುಗೂರು ತಾಲೂಕಿನ ಅಮರೇಶ್ವರದವರು, ನಮ್ಮ ಪಕ್ಕದವರೇ. ಕಲ್ಯಾಣದಲ್ಲಿ ಬಿದ್ದ ಅಕ್ಕಿ ಆಯ್ದು ತಂದು ದಾಸೋಹ ಮಾಡುತ್ತಿದ್ದರು. ಒಂದು ದಿನ ಮಾರಯ್ಯ ಹೆಚ್ಚು ಅಕ್ಕಿ ತಂದ. ಇದು ನಮ್ಮದಲ್ಲ, ಎಲ್ಲಿಂದ ತಂದೆಯೋ ಅಲ್ಲೇ ಹಾಕಿ ಬಾ ಅಂತ ಲಕ್ಕಮ್ಮ ವಾಪಸ್ ಕಳಿಸಿದಳು. ದಾಸೋಹಕ್ಕೇ ಆದರೂ ಬೇಡ ಅಂದಳು ಆ ತಾಯಿ. ಎಂಟುನೂರು ವರ್ಷ ಆಯಿತು. ನಿನ್ನೆ ಆ ಅಂಗಡಿಯ ಗೋಡೆಯ ಮೇಲೆ ಬಸವಣ್ಣನವರ ದೊಡ್ಡ ಫೋಟೋ ಇತ್ತು, ತಾಜಾ ಸೇವಂತಿಗೆ ಹಾರ ಹಾಕಿದ್ದರು. ಅದರ ಕೆಳಗೇ ಇಬ್ಬರು ಹೆಂಗಸರು ಚೆಲ್ಲಿದ ಭತ್ತ ಗುಡಿಸಿ ಮರಳು ಸೋಸುತ್ತಿದ್ದರು. ಹುಡುಗನೊಬ್ಬ ಬಂದು, ಅದೂ ಅಂಗಡಿಯದ್ದೇ, ಚೀಲಕ್ಕೆ ಹಾಕ್ರಿ ಅಂದ. ಅವರು ಉಡಿಯಲ್ಲಿದ್ದ ನಾಲ್ಕು ಹಿಡಿಯನ್ನೂ ಸುರುವಿ ಎದ್ದು ಹೋದರು.

ನಮ್ಮ ರಾಜ್ಯದ ಮಾರುಕಟ್ಟೆ ಕಾಯ್ದೆ 1966ರದ್ದು. ದಲಾಲಿ ಕಮಿಷನ್ ಕೊಡಬೇಕಾದವನು ಕೊಳ್ಳುವವನು, ಅದನ್ನು ಬೆಳೆದವನಿಂದ ಹಿಡಿಯುವಂತಿಲ್ಲ. ಕಮಿಷನ್ನಿಗೇ ಹೀಗಿರುವಾಗ ಧರ್ಮವನ್ನು ಯಾವ ಲೆಕ್ಕದಲ್ಲಿ ಹಿಡಿಯುತ್ತೀರಿ ಅಂತ ಕೇಳಿದೆ. ಸಾವುಕಾರರು ಜಾಸ್ತಿ ಮಾತಾಡಲಿಲ್ಲ. ಆ ಸಾಲಿನ ಮೇಲೆ ಗೆರೆ ಎಳೆದು ನೂರರ ಎರಡು ನೋಟು ಅಪ್ಪನ ಮುಂದಿಟ್ಟರು. 'ತಗೋ ಯಜಮಾನ, ನಿನ್ನ ಮಗನಿಗೆ ಬ್ಯಾಡಂತ' ಅಂದರು.

ಅಪ್ಪ ಬೈಕಿನ ಹಿಂದೆ ಕೂತು ಊರು ಬರುವವರೆಗೂ ಮಾತಾಡಲಿಲ್ಲ. ಮನೆಗೆ ಬಂದು ಚಹಾ ಕುಡಿದ ಮೇಲೆ ಒಂದೇ ಮಾತು ಕೇಳಿದ. 'ಬರೋ ಮುಂಗಾರಿಗೆ ಗೊಬ್ಬರ ಯಾರು ಕೊಡ್ತಾರೋ ತಮ್ಮಾ?' ನನ್ನ ಹತ್ತಿರ ಉತ್ತರ ಇರಲಿಲ್ಲ. ನನ್ನ ಸಂಬಳದಲ್ಲಿ ಕೊಡಿಸುತ್ತೇನೆ ಅಂದೆ. ಆದರೆ ಅಪ್ಪನ ಹೆದರಿಕೆ ಒಂದು ಮುಂಗಾರಿನದ್ದಲ್ಲ. ಆ ಹೆದರಿಕೆ ಗೊತ್ತಿರುವುದರಿಂದಲೇ ಆ ಸಾಲು ಚೀಟಿಯ ಮೇಲೆ ಅಷ್ಟು ಧೈರ್ಯವಾಗಿ ಕೂತಿರುವುದು.

ನಿಮ್ಮ ಮನೆಯಲ್ಲೂ ಈ ಸುಗ್ಗಿಯ ಚೀಟಿ ಇರುತ್ತದೆ. ತೆಗೆದು ಕೊನೆಯ ಸಾಲು ನೋಡಿ. ಅಪ್ಪನಿಗೋ ಅವ್ವನಿಗೋ ಓದಲು ಬರದಿದ್ದರೆ ನೀವೇ ಗಟ್ಟಿಯಾಗಿ ಓದಿ ಹೇಳಿ, ಒಂದು ಸಾಲೂ ಬಿಡಬೇಡಿ.

ಎಳ್ಳಮಾವಾಸ್ಯೆಗೆ ಇನ್ನು ಎಂಟು ದಿನ. ಅವ್ವ ಸಜ್ಜೆ ಹಸನು ಮಾಡುತ್ತಿದ್ದಾಳೆ. ಆ ಎರಡು ನೋಟು ಜಗಲಿಯ ಮೇಲೆ ವಿಭೂತಿ ಗಟ್ಟಿಯ ಕೆಳಗಿವೆ. ಗವಿಮಠಕ್ಕೆ ರೊಟ್ಟಿಯ ಟ್ರ್ಯಾಕ್ಟರ್ ಹೊರಟಾಗ ನೀನೇ ನಿನ್ನ ಕೈಯಾರೆ ಒಯ್ದು ಹಾಕಿ ಬಾ ಅಂತ ಅವ್ವ ಅಪ್ಪನಿಗೆ ಹೇಳಿದ್ದಾಳೆ. ಅಪ್ಪ ಇನ್ನೂ ಹೂಂ ಅಂದಿಲ್ಲ.