ಬೆಂಚಿನ ತುದಿಯ ಸೋಮಾರಿ

ಚರ್ಚಿನಲ್ಲಿ ಪ್ರವಚನ ಕೇಳುತ್ತಾ ತೂಕಡಿಸುವವರು ಎಲ್ಲ ಕಾಲದಲ್ಲೂ ಇದ್ದಾರೆ. ಅವರನ್ನು ಎಚ್ಚರಿಸಲು ಇಂಗ್ಲೆಂಡಿನ ಸಫೊಕ್ ಸೀಮೆಯ ಬ್ಲೈಬರ ಎಂಬ ಸಣ್ಣ ಹಳ್ಳಿಯವರು ಒಂದು ಉಪಾಯ ಮಾಡಿದ್ದರು. ಕೂರುವ ಬೆಂಚಿನ ತುದಿಯಲ್ಲೇ ಮರದ ಸೋಮಾರಿಯೊಬ್ಬನನ್ನು ಕೆತ್ತಿಟ್ಟರು. ಅವನು ಹಾಸಿಗೆ ಬಿಟ್ಟು ಏಳುವುದೇ ಇಲ್ಲ. ಸುಮಾರು 500 ವರ್ಷಗಳಿಂದ ಹಾಗೇ ಇದ್ದಾನೆ.

ಅವನಿಗೆ ಜೊತೆಗಾರರೂ ಇದ್ದಾರೆ. ಹಣದ ಪೆಟ್ಟಿಗೆಯ ಮೇಲೆ ಕೂತ ಜಿಪುಣ, ಉಬ್ಬಿದ ಹೊಟ್ಟೆಯನ್ನು ಅಪ್ಪಿಕೊಂಡ ಹೊಟ್ಟೆಬಾಕ, ನಾಲಿಗೆ ಚಾಚಿದ ಚಾಡಿಕೋರ. ಕ್ರೈಸ್ತರ ಏಳು ಮಹಾಪಾಪಗಳಲ್ಲಿ ಸೋಮಾರಿತನವೂ ಒಂದು, ಹೊಟ್ಟೆಬಾಕತನವೂ ಒಂದು. ನಮ್ಮ ಅರಿಷಡ್ವರ್ಗದಲ್ಲಿ ಇವೆರಡಕ್ಕೂ ಜಾಗವಿಲ್ಲ. ನಮ್ಮ ಹಿರಿಯರದ್ದು ದೊಡ್ಡ ಮನಸ್ಸು, ಅಲ್ವಾ?

ಆದರೆ ಹೋಲಿ ಟ್ರಿನಿಟಿ ಎಂಬ ಈ ಚರ್ಚಿನ ಕತೆ ಓದಿದರೆ, ಸೋಮಾರಿಗೆ ಪಾಪಿ ಪಟ್ಟ ಕಟ್ಟಿದ್ದು ಅನ್ಯಾಯ ಅನ್ನಿಸುತ್ತದೆ. ತಲೆ ಎತ್ತಿ ನೋಡಬೇಕು. ಉದ್ದಕ್ಕೂ ಮರದ ಚಾವಣಿ. ಅದರ ನಡುವೆ ರೆಕ್ಕೆ ಬಿಚ್ಚಿದ ಮರದ ದೇವದೂತರು, ಬೆನ್ನಿಗೆ ಬೆನ್ನು ಕೊಟ್ಟು ಜೋಡಿ ಜೋಡಿಯಾಗಿ. 15ನೇ ಶತಮಾನದವರು ಬಳಿದ ಬಣ್ಣ ಮಾಸಿದೆ, ಆದರೆ ಪೂರ್ತಿ ಹೋಗಿಲ್ಲ. 1644ರಲ್ಲಿ ವಿಲಿಯಂ ಡೌಸಿಂಗ್ ಎಂಬಾತ ಇಲ್ಲಿಗೆ ಬಂದಿದ್ದ. ಚರ್ಚುಗಳಲ್ಲಿನ ಚಿತ್ರ, ವಿಗ್ರಹಗಳನ್ನೆಲ್ಲ ಒಡೆಸುವುದೇ ಅವನಿಗೆ ವಹಿಸಿದ್ದ ಕೆಲಸ. ಚಾವಣಿಯ ದೇವದೂತರನ್ನು ಇಳಿಸಿ ಎಂದು ಅಪ್ಪಣೆ ಕೊಟ್ಟು ಮುಂದಿನ ಊರಿಗೆ ಹೋದ. ಊರವರು ಇಳಿಸಲಿಲ್ಲ. ಭಕ್ತಿಯೋ, ಅಷ್ಟೆತ್ತರಕ್ಕೆ ಏಣಿ ಕಟ್ಟುವ ಬೇಜಾರೋ! ನನ್ನ ಓಟು ಬೇಜಾರಿಗೆ.

ದೇವದೂತರ ಮೈಯಲ್ಲಿ ಸೀಸದ ಚರೆಗಳು ನೆಟ್ಟಿದ್ದವು. ಡೌಸಿಂಗನ ಕಡೆಯವರೇ ಗುಂಡು ಹೊಡೆದದ್ದು ಎಂದು ಊರವರು ಬಹಳ ಕಾಲ ಹೇಳಿಕೊಂಡು ಬಂದರು. 1970ರ ದಶಕದ ರಿಪೇರಿಯಲ್ಲಿ ನೋಡಿದರೆ, ಅವು 18ನೇ ಶತಮಾನದ ಚರೆಗಳು. ಚಾವಣಿಯಲ್ಲಿ ಗೂಡು ಕಟ್ಟುತ್ತಿದ್ದ ಕಾಗೆ ಜಾತಿಯ ಹಕ್ಕಿಗಳನ್ನು ಹೊಡೆಯಲು ಚರ್ಚಿನವರೇ ದುಡ್ಡು ಕೊಟ್ಟಿದ್ದರು. ಏಟು ಬಿದ್ದದ್ದು ದೇವದೂತರಿಗೆ.

ಆಮೇಲೆ ಊರು ಬಡವಾಯಿತು. 19ನೇ ಶತಮಾನದಲ್ಲಿ ಇಂಗ್ಲೆಂಡಿನ ಶ್ರೀಮಂತ ಊರುಗಳೆಲ್ಲ ಹುರುಪಿನಿಂದ ಚರ್ಚು ರಿಪೇರಿಗೆ ಇಳಿದಿದ್ದವು. ರಿಪೇರಿ ಎಂದರೆ ಗೋಡೆಯ ಹಳೆ ಗಾರೆ ಕೆರೆಯುವುದು, ಹಳೆ ಬೆಂಚು ಕಿತ್ತು ಪಾಲಿಶ್ ಹೊಡೆದ ಹೊಸ ಬೆಂಚು ಹಾಕುವುದು, ನೆಲಕ್ಕೆ ಥಳಥಳ ಟೈಲ್ಸ್ ಕೂರಿಸುವುದು. ಜಾತ್ರೆ ಬಂತೆಂದರೆ ನಾವು ಗುಡಿಯ ಕಲ್ಲುಕಂಬಗಳಿಗೆ ಆಯಿಲ್ ಪೇಂಟ್ ಬಳಿಯುತ್ತೇವಲ್ಲ, ಅದೇ ಉತ್ಸಾಹ. ಬ್ಲೈಬರದವರಿಗೆ ಅಂಥ ಉತ್ಸಾಹಕ್ಕೆ ಕಾಸಿರಲಿಲ್ಲ. ಮಳೆ ಬಂದರೆ ಕೊಡೆ ಬಿಚ್ಚಿಕೊಂಡು ಪ್ರಾರ್ಥನೆ ಮಾಡುತ್ತಿದ್ದರಂತೆ. 1881ರಲ್ಲಿ ಬಿಷಪ್ ಕಟ್ಟಡ ಅಪಾಯದಲ್ಲಿದೆ ಎಂದು ಬಾಗಿಲು ಹಾಕಿಸಿದರು.

ರಿಪೇರಿ ಬೇಕೇ ಬೇಕಾಯಿತು. ಆಗ ಜಗಳ ಶುರು. ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ 1877ರಲ್ಲಿ ಹಳೆ ಕಟ್ಟಡಗಳ ರಕ್ಷಣೆಗೆ ಒಂದು ಸಂಘ ಕಟ್ಟಿದ್ದರು. ಅವರ ವಾದ ಸರಳ: ಸೋರುವುದನ್ನು ನಿಲ್ಲಿಸಿ, ಬೀಳುವುದಕ್ಕೆ ಆಸರೆ ಕೊಡಿ, ಉಳಿದದ್ದನ್ನು ಮುಟ್ಟಬೇಡಿ. ಊರಿನ ಸಮಿತಿಗೆ ಈ ಪುಕ್ಕಟೆ ಸಲಹೆ ರುಚಿಸಲಿಲ್ಲ. ತಲೆಯ ಮೇಲೆ ನೀರು ಸುರಿಯುವುದು ಅವರಿಗೆ ತಾನೇ? ಅಂತೂ 1884ರಲ್ಲಿ ಚರ್ಚು ಮತ್ತೆ ತೆರೆಯಿತು. ಎಳೆದಾಟದಲ್ಲಿ ಅತಿಯಾದ ರಿಪೇರಿ ತಪ್ಪಿತು.

ಹಾಗಾಗಿಯೇ ಇಂದಿಗೂ ಬೆಂಚುಗಳ ಗೀರು ಗಾಯಗಳು ಕಾಣುತ್ತವೆ. ಗಾಯಕರು ಕೂರುವ ಕಡೆ ಒಂದು ಕಾಲಕ್ಕೆ ಶಾಲೆ ನಡೆಯುತ್ತಿತ್ತು. ಡಿರ್ಕ್ ಲೋವರ್ಸನ್ ಎಂಬ ಹುಡುಗ ಅಲ್ಲಿನ ಮರದಲ್ಲಿ ತನ್ನ ಹೆಸರನ್ನೂ 1665 ಎಂಬ ಇಸವಿಯನ್ನೂ ಕೊರೆದಿದ್ದಾನೆ. ಅವತ್ತು ಅವನ ಕಿವಿ ಹಿಂಡಿರುತ್ತಾರೆ. ಈಗ ಬಂದವರೆಲ್ಲ ಅದನ್ನೇ ಹುಡುಕಿಕೊಂಡು ಬಗ್ಗಿ ನೋಡುತ್ತಾರೆ.

ಚರ್ಚಿನಲ್ಲಿ ಜ್ಯಾಕ್ ಎಂಬ ಮರದ ಬೊಂಬೆಯೂ ಇದೆ. ಅದರ ಮೇಲೆ 1682 ಎಂಬ ಬರಹ. ಹಿಂದೆ ಗಡಿಯಾರಕ್ಕೆ ಕಟ್ಟುಬಿದ್ದು ಗಂಟೆ ಹೊಡೆಯುತ್ತಿದ್ದ. ಈಗ ಪೂಜೆ ಶುರುವಾಗುವಾಗ ಯಾರಾದರೂ ಎಳೆದರೆ ಮಾತ್ರ ಹೊಡೆಯುತ್ತಾನೆ. ಬೆಂಚಿನ ತುದಿಯಲ್ಲಿರುವವನಿಗೆ ಅಷ್ಟು ಕೆಲಸವೂ ಇಲ್ಲ.