ಎಂಟು ಹಾಕಿದರೆ ಸಾಕು

ನಮ್ಮ ದೇಶದಲ್ಲಿ ಕಾರು ಓಡಿಸೋಕೆ ಎರಡು ಥರದ ಲೈಸೆನ್ಸ್ ಸಿಗುತ್ತದೆ. ಒಂದನ್ನು ಆರ್‌ಟಿಒ ಕೊಡುತ್ತದೆ. ಅದು ಜೇಬಲ್ಲಿದ್ದರೆ ಸ್ಕೂಲು ಬಿಡೋ ಹೊತ್ತಲ್ಲಿ ಹಾಸನದ ಎನ್.ಆರ್. ಸರ್ಕಲ್ಲಿಗೆ ನುಗ್ಗಬಹುದು. ಸಂತೆ ದಿನ ಬೇಲೂರು ದಾಟಬಹುದು. ಮುಂದಿನ ಗಾಡಿಯ ಲೈಟೂ ಕಾಣದಂಥ ಮಂಜಿನಲ್ಲಿ ಚಾರ್ಮಾಡಿ ಇಳಿಯಬಹುದು. ಜನ, ದನ, ಆಟೋ, ಮದುವೆ ದಿಬ್ಬಣ, ಎಲ್ಲದರ ಮಧ್ಯೆ ಹೋಗೋಕೆ ಅದು ಪರವಾನಗಿ.

ಇನ್ನೊಂದನ್ನು ಭಾರತೀಯ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟ ಕೊಡುತ್ತದೆ. ಎಫ್‌ಎಂಎಸ್‌ಸಿಐ ಅನ್ನುತ್ತಾರೆ. ಅದಿದ್ದರೆ ಎರಡೂ ಕಡೆ ಬಂದ್ ಮಾಡಿದ, ಎದುರಿಗೆ ನರಪಿಳ್ಳೆಯೂ ಬಾರದ, ಆಂಬುಲೆನ್ಸ್ ಮೊದಲೇ ಬಂದು ಕಾಯುತ್ತಿರೋ ರಸ್ತೆಯಲ್ಲಿ ಓಡಿಸಬಹುದು. ಗುದ್ದಿದರೆ ಸಿಲ್ವರ್ ಓಕ್ ಮರಕ್ಕೆ ಗುದ್ದಬೇಕು.

ಇವೆರಡರಲ್ಲಿ ಯಾವುದಕ್ಕೆ ಜಾಸ್ತಿ ಪರೀಕ್ಷೆ ಇರಬೇಕು? ನೀವು ಅಂದುಕೊಂಡಿದ್ದು ಸರಿ. ನಮ್ಮಲ್ಲಿ ನಡೆಯೋದು ಅದರ ಉಲ್ಟಾ.

ನನ್ನ ಅಕ್ಕನ ಮಗ ಚಿಕ್ಕಮಗಳೂರಿನಲ್ಲಿದ್ದಾನೆ. ಅವನಿಗೆ ರ‍್ಯಾಲಿ ಹುಚ್ಚು, ಅಂದರೆ ಕಾರು ರೇಸಿನ ಹುಚ್ಚು. ಆ ಊರಲ್ಲಿ ಹುಟ್ಟಿದವರಿಗೆ ಹಿಡಿಯದಿದ್ದರೇ ಆಶ್ಚರ್ಯ. ರಾಷ್ಟ್ರೀಯ ರ‍್ಯಾಲಿಯ ಗಾಡಿಗಳು ಅಲ್ಲಿನ ಕಾಫಿ ತೋಟದ ಮಣ್ಣುದಾರಿಗಳಲ್ಲೇ ಧೂಳೆಬ್ಬಿಸುತ್ತವೆ. ಏಷ್ಯಾ ಪೆಸಿಫಿಕ್ ರ‍್ಯಾಲಿಯೂ ಅಲ್ಲಿಗೆ ಬಂದಿತ್ತು. 2013, 2016, 2017ರಲ್ಲಿ ಆ ಚಾಂಪಿಯನ್‌ಷಿಪ್ ಗೆದ್ದ ಗೌರವ್ ಗಿಲ್ ಅದೇ ತಿರುವುಗಳಲ್ಲಿ ಓಡಿಸಿದವರು. ಅವರಿಗೆ 2019ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಮೋಟಾರ್ ಸ್ಪೋರ್ಟ್ಸ್‌ಗೆ ಅದೇ ಮೊದಲು. ಅಲ್ಲಿಯವರೆಗೆ ಇದು ಆಟವೋ ಅಲ್ಲವೋ ಅನ್ನೋದೇ ಸರ್ಕಾರಕ್ಕೆ ಅನುಮಾನ. 2011ರಿಂದ 2013ರವರೆಗೆ ದೆಹಲಿ ಪಕ್ಕದ ಗ್ರೇಟರ್ ನೊಯ್ಡಾದಲ್ಲಿ ಫಾರ್ಮುಲಾ ಒನ್ ಕಾರು ರೇಸ್ ನಡೆದಾಗ, ಇದು ಕ್ರೀಡೆಯಲ್ಲ, ಬರೀ ಮನರಂಜನೆ ಅಂತ ತೆರಿಗೆ ಜಗಳವೇ ಆಯಿತು. ಮೂರೂ ವರ್ಷ ಜರ್ಮನಿಯ ಸೆಬಾಸ್ಟಿಯನ್ ವೆಟೆಲ್ ಒಬ್ಬನೇ ಗೆದ್ದ. ಹಾಗಾಗಿ ಮನರಂಜನೆ ಅನ್ನೋದೂ ಅನುಮಾನವೇ.

ಹುಡುಗನ ಆಸೆಗೆ ಅಡ್ಡ ನಿಂತವರು ನಮ್ಮ ಭಾವ. "ರೇಸ್ ಅಂದ್ರೆ ಜೀವದ ಜೊತೆ ಚೆಲ್ಲಾಟ ಕಣೋ" ಅಂತ ಅವರು ನನಗೆ ಬುದ್ಧಿ ಹೇಳಿದ್ದು ಹಾಸನದಿಂದ ಚಿಕ್ಕಮಗಳೂರಿಗೆ ಕಾರು ಓಡಿಸುತ್ತಾ. ಫೋನು ಕಿವಿಗೂ ಭುಜಕ್ಕೂ ಮಧ್ಯೆ ಇತ್ತು. ತಿರುವಿನಲ್ಲಿ ಒಂದು ಶುಂಠಿ ಲಾರಿಯನ್ನು ಓವರ್‌ಟೇಕ್ ಮಾಡುತ್ತಿದ್ದರು. ಎದುರಿಗೆ ಬಂದ ಬೈಕಿನವನು ರಸ್ತೆ ಬಿಟ್ಟು ಇಳಿದ. "ನೋಡು, ಸೈಡಲ್ಲಿ ಹೋಗೋಕೂ ಬರಲ್ಲ ಈ ನನ್ಮಕ್ಕಳಿಗೆ" ಅಂದರು. ಭಾವ ಇಷ್ಟು ವರ್ಷದಲ್ಲಿ ಒಂದು ಆಕ್ಸಿಡೆಂಟೂ ಮಾಡಿಲ್ಲ ಅಂತ ಎದೆ ತಟ್ಟಿ ಹೇಳುತ್ತಾರೆ. ಅವರಿಂದಾಗಿ ಎಷ್ಟು ಜನ ಗದ್ದೆಗೆ ಇಳಿದಿದ್ದಾರೆ ಅನ್ನೋ ಲೆಕ್ಕ ಮಾತ್ರ ಯಾರೂ ಇಟ್ಟಿಲ್ಲ.

ಅವರ ಕಾರಿನಲ್ಲಿ ಒಂದು ಕ್ಲಿಪ್ ಇದೆ. ಸೀಟ್ ಬೆಲ್ಟ್ ಹಾಕದಿದ್ದರೆ ಕಾರು ಟಿಣ್ ಟಿಣ್ ಅಂತ ಕೂಗುತ್ತದಲ್ಲ, ಅದರ ಬಾಯಿ ಮುಚ್ಚಿಸೋ ಕ್ಲಿಪ್. ಹೊಳೆಯೋ ಸ್ಟೀಲಿನದು. ಬೆಲ್ಟಿನ ತುದಿಯಷ್ಟೇ ಅಗಲ. ಬೆಲ್ಟ್ ಸಿಕ್ಕಿಸೋ ಜಾಗಕ್ಕೆ ಒತ್ತಿದರೆ ಟಕ್ ಅಂತ ಕೂರುತ್ತದೆ. ಯಜಮಾನರು ಬೆಲ್ಟ್ ಹಾಕಿಕೊಂಡರು ಅಂತ ಪಾಪ ಕಾರು ನಂಬುತ್ತದೆ. ಕ್ಲಿಪ್ಪಿನ ಮೇಲ್ತುದಿ ಕೊಕ್ಕಿನ ಥರ ಬಾಗಿದೆ. ಯಾಕೆ ಅಂದರೆ, ಬಾಟಲಿ ಮುಚ್ಚಳ ತೆಗೆಯೋಕಂತೆ! ಬೆಲ್ಟ್ ಹಾಕದೆ ಹೊರಟವನಿಗೆ ದಾರಿಯಲ್ಲಿ ಇನ್ನೇನು ಬೇಕಾಗಬಹುದು ಅಂತ ಮಾಡಿದವನು ಚೆನ್ನಾಗಿ ಯೋಚಿಸಿದ್ದಾನೆ. 2023ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಐದು ಆನ್‌ಲೈನ್ ಕಂಪನಿಗಳಿಗೆ ಇದನ್ನು ಮಾರಬೇಡಿ ಅಂತ ಆದೇಶ ಮಾಡಿತು. ಕೆಲವರು ಬಾಟಲ್ ಓಪನರ್ ಅನ್ನೋ ಹೆಸರಲ್ಲೇ ಮಾರುತ್ತಿದ್ದರು ಅಂತಲೂ ಆಗ ಗೊತ್ತಾಯಿತು. ಭಾವ ಅಷ್ಟರೊಳಗೆ ಎರಡು ತರಿಸಿಕೊಂಡಿದ್ದರು. ಇನ್ನೊಂದು ಅಕ್ಕನ ಸೀಟಿಗೆ.

ಈಗ ಹುಡುಗನ ಕಡೆ ನೋಡಿ. ಅವನ ಬೆಲ್ಟು ಹೆಗಲ ಮೇಲಿಂದ ಎರಡು, ಸೊಂಟಕ್ಕೆ ಎರಡು, ಕಾಲ ಸಂದಿಯಿಂದ ಎರಡು. ಗಾಡಿ ಮಗುಚಿದರೂ ಜಜ್ಜಿಹೋಗದಂತೆ ಒಳಗೆ ಉಕ್ಕಿನ ಪೈಪಿನ ರೋಲ್ ಕೇಜ್. ಬೆಂಕಿ ಆರಿಸೋ ಸಿಲಿಂಡರ್ ಇರಬೇಕು, ಅದನ್ನು ಬೋಲ್ಟ್ ಹಾಕಿ ಬಿಗಿದಿರಬೇಕು. ಹೊರಗಿನಿಂದಲೂ ಕರೆಂಟು ಕಟ್ ಮಾಡೋ ಸ್ವಿಚ್ ಇರಬೇಕು. ಹೆಲ್ಮೆಟ್‌ಗೆ ಅಂತಾರಾಷ್ಟ್ರೀಯ ಗುಣಮಟ್ಟದ ಚೀಟಿ ಬೇಕು. ಕುತ್ತಿಗೆ ಮುರಿಯದಂತೆ ಹ್ಯಾನ್ಸ್ ಅನ್ನೋ ಸಾಧನ. ಮೋಟಾರ್ ಸ್ಪೋರ್ಟ್ಸ್‌ನ ಅಂತಾರಾಷ್ಟ್ರೀಯ ಸಂಸ್ಥೆ ಎಫ್‌ಐಎ ನಿಯಮದ ಪ್ರಕಾರ ಕಾಲುಚೀಲ, ಒಳಉಡುಪು ಕೂಡ ಬೆಂಕಿ ತಡೆಯೋ ಬಟ್ಟೆಯದ್ದೇ ಆಗಬೇಕು. ಅದರ ಬೆಲೆ ಕೇಳಿ ಅಕ್ಕ, "ಯಾರ ಕಣ್ಣಿಗೂ ಬೀಳದ್ದಕ್ಕೆ ಅಷ್ಟು ದುಡ್ಡಾ?" ಅಂದಳು. ರೇಸಿಗೆ ಮುಂಚೆ ಸ್ಕ್ರೂಟಿನಿ, ಅಂದರೆ ತಪಾಸಣೆ, ಮಾಡುವವರ ಕಣ್ಣಿಗೆ ಬೀಳುತ್ತದೆ ಅಂತ ಗೊತ್ತಾದ ಮೇಲೆ ಒಂದು ಜೊತೆ ಜಾಸ್ತಿಯೇ ತರಿಸಿಕೋ ಅಂದಳು.

ಲೈಸೆನ್ಸ್ ವಿಷಯಕ್ಕೆ ಬರೋಣ. ಆರ್‌ಟಿಒ ಅರ್ಜಿಯ ಜೊತೆ ಫಾರಂ 1 ಅಂತ ಇರುತ್ತದೆ. ನಿಮ್ಮ ಆರೋಗ್ಯದ ಬಗ್ಗೆ ನೀವೇ ಕೊಡೋ ಘೋಷಣೆ. ಇದ್ದಕ್ಕಿದ್ದಂತೆ ತಲೆ ಸುತ್ತಿ ಪ್ರಜ್ಞೆ ತಪ್ಪುತ್ತದೆಯೇ? 25 ಮೀಟರ್ ದೂರದಿಂದ ಕಾರಿನ ನಂಬರ್ ಪ್ಲೇಟ್ ಕಾಣುತ್ತದೆಯೇ? ಕೆಂಪು, ಹಸಿರು ಬೇರೆ ಬೇರೆ ಗೊತ್ತಾಗುತ್ತದೆಯೇ? ನೀವೇ ಉತ್ತರ ಬರೆದು ಸಹಿ ಹಾಕಬೇಕು. ಏಜೆಂಟ್ ಇದ್ದರೆ ಅದನ್ನೂ ಅವನೇ ಬರೆಯುತ್ತಾನೆ. ನಿಮಗೆ ಕಣ್ಣು ಕಾಣುತ್ತದೆ ಅನ್ನೋದು ನಿಮಗಿಂತ ಅವನಿಗೇ ಖಾತ್ರಿ. ಸ್ವಂತ ಕಾರು ಓಡಿಸೋರಿಗೆ ಡಾಕ್ಟರ್ ಸರ್ಟಿಫಿಕೇಟ್ ಬೇಕಾಗೋದು 40 ದಾಟಿದ ಮೇಲೆ. 20ನೇ ವಯಸ್ಸಲ್ಲಿ ತೆಗೆದುಕೊಂಡ ಲೈಸೆನ್ಸ್ 40ರವರೆಗೆ ನಡೆಯುತ್ತದೆ. ಆ ಮಧ್ಯೆ ನಿಮ್ಮ ಕಣ್ಣಿಗೆ ಏನಾದರೂ ಆಗಿರಲಿ, ಸರ್ಕಾರಕ್ಕೆ ನಿಮ್ಮ ಮೇಲೆ ನಂಬಿಕೆ. ಇನ್ನು ಟೆಸ್ಟು. ಎಂಟು ಹಾಕಬೇಕು. ಹಾಕಿದರೆ ಆಯಿತು. ಶಿರಾಡಿ ಘಾಟಿಯಲ್ಲಿ ಎಲ್ಲಿಯೂ ಎಂಟು ಇಲ್ಲ ಅನ್ನೋದು ಬೇರೆ ಮಾತು.

ರೇಸಿಂಗ್ ಲೈಸೆನ್ಸ್ ವರ್ಷ ವರ್ಷ ಹೊಸದಾಗಿ ಮಾಡಿಸಬೇಕು. ಡಾಕ್ಟರು ನೋಡಬೇಕು. ಹುಡುಗ ಬಿಪಿ, ಕಣ್ಣು, ರಕ್ತದ ಗುಂಪು ಎಲ್ಲ ತೋರಿಸಿಕೊಂಡು ಬಂದ. ಆಮೇಲೆ ಕೊಯಮತ್ತೂರಿನ ಕರಿ ಟ್ರ್ಯಾಕಿಗೆ ತರಬೇತಿಗೆ ಹೋದ. ನಮ್ಮ ಕಡೆಯವರು ಆ ಥರದ ಸರ್ಕ್ಯೂಟ್ ಬೇಕಂದರೆ ಕೊಯಮತ್ತೂರಿಗೋ ಚೆನ್ನೈಗೋ ಹೋಗಬೇಕು. ಇಲ್ಲಿ ರೇಸ್ ಟ್ರ್ಯಾಕ್ ಯಾಕಿಲ್ಲ ಅಂತ ಕೇಳಬೇಡಿ. ಊರಿಗೆ ಬೈಪಾಸ್ ಇದೆಯಲ್ಲ.

ಅಲ್ಲಿ ಮೊದಲು ಕಲಿಸಿದ್ದು ಬಾವುಟ. ಹಳದಿ ತೋರಿಸಿದರೆ ಮುಂದೆ ಅಪಾಯ, ನಿಧಾನ ಮಾಡು, ಓವರ್‌ಟೇಕ್ ಮಾಡಬೇಡ. ನೀಲಿ ಅಂದರೆ ಹಿಂದೆ ವೇಗದ ಗಾಡಿ ಬರುತ್ತಿದೆ. ಹಳದಿ ಮೇಲೆ ಕೆಂಪು ಪಟ್ಟೆ ಇದ್ದರೆ ಟ್ರ್ಯಾಕ್ ಜಾರುತ್ತದೆ. ಕೆಂಪು ಅಂದರೆ ಆಟ ನಿಲ್ಲಿಸಿ. ಹುಡುಗ ಊರಿಗೆ ಬಂದು ಇದನ್ನೆಲ್ಲ ಹೇಳಿದಾಗ ಭಾವ, "ನಮ್ಮಲ್ಲೂ ಇದೆಯಲ್ಲೋ" ಅಂದರು. ನಿಜ. ಹೈ ಬೀಮ್ ಹಾಕಿ ಹಾರ್ನ್ ಒತ್ತಿದರೆ ಅದು ನಮ್ಮ ನೀಲಿ ಬಾವುಟ. ರಸ್ತೆ ಮಧ್ಯೆ ಸೊಪ್ಪಿನ ಕೊಂಬೆ ಬಿದ್ದಿದ್ದರೆ ಅದು ಹಳದಿ. ಮುಂದೆ ಲಾರಿ ಕೆಟ್ಟು ನಿಂತಿದೆ ಅಂತ ಅರ್ಥ. ಕೊಂಬೆ ಜೊತೆ ಒಂದು ಸಾಲು ಕಲ್ಲು ಇಟ್ಟಿರುತ್ತಾರೆ. ಲಾರಿ ರಿಪೇರಿಯಾಗಿ ಮಂಗಳೂರು ಸೇರುತ್ತದೆ. ಕಲ್ಲು ಅಲ್ಲೇ ಇರುತ್ತದೆ, ರಾತ್ರಿ ಬರೋ ಬೈಕಿನವನಿಗೆ. ಇನ್ನು ಜಾರೋ ರಸ್ತೆಗೆ ನಮಗೆ ಬಾವುಟವೇ ಬೇಡ. ಸುಗ್ಗಿ ಕಾಲದಲ್ಲಿ ಅರಸೀಕೆರೆ ಕಡೆಯ ರಸ್ತೆಗೆ ಬನ್ನಿ. ಡಾಂಬರಿನ ಮೇಲೆ ಹುರುಳಿ, ರಾಗಿ ತೆನೆ ಮೊಣಕಾಲುದ್ದ ಹರಡಿರುತ್ತಾರೆ. ಸರ್ಕಾರ ರಸ್ತೆ ಮಾಡಿಸಿದ್ದು ಕಣಕ್ಕೇ ಅನ್ನೋ ಹಾಗೆ. ನೀವು ಬ್ರೇಕ್ ಹಾಕಿ ಜಾರುತ್ತೀರಿ, ಅವರ ಹುರುಳಿ ಬಡಿದಂತಾಗುತ್ತದೆ. ಕೂಲಿ ಉಳಿಯಿತು.

ತರಬೇತಿ ಮುಗಿಸಿ ಬಂದ ಮೇಲೆ ಹುಡುಗ ಕೆಟ್ಟುಹೋದ. ಅಂದರೆ ಊರವರ ಲೆಕ್ಕದಲ್ಲಿ. ಎರಡು ಕೈಯಲ್ಲಿ ಸ್ಟಿಯರಿಂಗ್ ಹಿಡಿಯುತ್ತಾನೆ. ತಿರುವಿನಲ್ಲಿ ಓವರ್‌ಟೇಕ್ ಮಾಡಲ್ಲ. ರ‍್ಯಾಲಿಯಲ್ಲಿ ಒಂದು ಸ್ಟೇಜಿನಿಂದ, ಅಂದರೆ ಬಂದ್ ಮಾಡಿ ರೇಸ್ ನಡೆಸೋ ದಾರಿಯಿಂದ, ಇನ್ನೊಂದಕ್ಕೆ ಸಾಮಾನ್ಯ ರಸ್ತೆಯಲ್ಲೇ ಹೋಗಬೇಕು, ಅಲ್ಲಿ ಟ್ರಾಫಿಕ್ ರೂಲ್ಸ್ ಮುರಿದರೆ ದಂಡ. ಅದಕ್ಕೆ ಈಗಿನಿಂದಲೇ ಅಭ್ಯಾಸ ಅಂತೆ. ಐ.ಜಿ. ರಸ್ತೆಯಲ್ಲಿ ಹಾಲಿನ ವ್ಯಾನು ಅವನನ್ನು ಹಿಂದೆ ಹಾಕಿತು. ಹಿಂದಿನಿಂದ ಬಂದ ಆಟೋದವನು ಇಣುಕಿ ನೋಡಿ, "ಹೊಸದಾಗಿ ಕಲೀತಿದೀರಾ ಸಾರ್?" ಅಂದ. ಭಾವನಿಗೆ ಊರಲ್ಲಿ ತಲೆ ಎತ್ತಿಕೊಂಡು ಓಡಾಡೋದೇ ಕಷ್ಟವಾಯಿತು. "ಮಗ ರೇಸಿಗೆ ಹೋಗ್ತಾನೆ ಅಂತ ಹೇಳ್ಕೊಳೋಕೂ ನಾಚಿಕೆ" ಅಂದರು.

ಅಂದಹಾಗೆ, ಸಾರ್ವಜನಿಕ ರಸ್ತೆಯಲ್ಲಿ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ರೇಸ್ ಮಾಡೋದು ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ನಿನಲ್ಲಿ ಅಪರಾಧ. 2019ರ ತಿದ್ದುಪಡಿ ಆದಮೇಲೆ ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಜೈಲು, ಇಲ್ಲ 5,000 ರೂಪಾಯಿವರೆಗೆ ದಂಡ, ಇಲ್ಲ ಎರಡೂ. ಒಪ್ಪಿಗೆ ಕೇಳುವವರು ರ‍್ಯಾಲಿ ಮಾಡುವವರು ಮಾತ್ರ. ಅರ್ಜಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯುತ್ತಾರೆ. ಒಂದೇ ಸ್ಟಾಪಿನ ಪ್ಯಾಸೆಂಜರಿಗಾಗಿ ಟೈಮಿಂಗ್ ಜಗಳದಲ್ಲಿ ಅಕ್ಕಪಕ್ಕ ಓಡೋ ಎರಡು ಖಾಸಗಿ ಬಸ್ಸುಗಳು ಯಾವ ಅರ್ಜಿಯನ್ನೂ ಹಾಕಿದ್ದು ನನಗೆ ಗೊತ್ತಿಲ್ಲ. ಅದರಲ್ಲಿ ಕೂತ ನಮಗೆ ಹೆಲ್ಮೆಟ್ಟೂ ಇಲ್ಲ, ರಕ್ತದ ಗುಂಪನ್ನೂ ಯಾರೂ ಕೇಳಿಲ್ಲ.

ರ‍್ಯಾಲಿಯಲ್ಲಿ ಡ್ರೈವರ್ ಪಕ್ಕ ಒಬ್ಬ ಕೋ-ಡ್ರೈವರ್ ಇರುತ್ತಾನೆ. ಮೊದಲೇ ನಿಧಾನವಾಗಿ ಆ ದಾರಿಯಲ್ಲಿ ಹೋಗಿ ಬರೆದುಕೊಂಡ ಪೇಸ್ ನೋಟ್ಸ್ ಅನ್ನು ಓದಿ ಹೇಳುತ್ತಾ ಹೋಗುತ್ತಾನೆ. ಇಷ್ಟು ಮೀಟರ್ ನೇರ, ಎಡಕ್ಕೆ ತಿರುವು, ಅದು ಎಷ್ಟು ಕಡಿದು, ಆಮೇಲೆ ದಿಬ್ಬ. ಹುಡುಗ ಇದನ್ನು ವಿವರಿಸುತ್ತಿದ್ದಾಗ ಅಕ್ಕ ನಕ್ಕಳು. ಮದುವೆಯಾದಾಗಿನಿಂದ ಅವಳು ಮಾಡುತ್ತಿರೋ ಕೆಲಸವೇ ಅದು. ಬೇಲೂರಿನಿಂದ ಚಿಕ್ಕಮಗಳೂರಿಗೆ ಅವಳ ಪೇಸ್ ನೋಟ್ಸ್ ಹೀಗಿರುತ್ತದೆ: "ರೀ ಹಂಪ್ಸ್. ರೀ ಇನ್ನೊಂದು ಹಂಪ್ಸ್. ಗುಂಡಿ, ಗುಂಡಿ, ಎಡಕ್ಕೆ... ಆ ಎಡಕ್ಕಲ್ಲ. ದನ. ಕರು ಹಿಂದೆ ಬರ್ತಿದೆ, ನಿಲ್ಸಿ. ಟಿಪ್ಪರ್. ರೀ ಅವ್ನು ಇಂಡಿಕೇಟರ್ ಹಾಕಿದಾನೆ ಅಂತ ನಂಬ್ಬೇಡಿ. ಹಂಪ್ಸ್!"

ಆ ಹಂಪ್ಸ್ ಬಗ್ಗೆ ಒಂದು ಮಾತು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅದಕ್ಕೂ ಅಳತೆ ಬರೆದಿಟ್ಟಿದೆ. 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. 25 ಕಿಲೋಮೀಟರ್ ವೇಗದಲ್ಲಿ ದಾಟಿದರೆ ಸೊಂಟಕ್ಕೆ ಏನೂ ಆಗಬಾರದು. ನಮ್ಮ ಊರುಗಳಲ್ಲಿ ಹಂಪ್ಸಿನ ಅಳತೆಯನ್ನು ನಿರ್ಧರಿಸೋದು ಆ ಜಾಗದಲ್ಲಿ ಮನೆ ಇರೋ ಮೆಂಬರು. ಎಲೆಕ್ಷನ್ ಹತ್ತಿರವಿದ್ದರೆ ಎತ್ತರ ಜಾಸ್ತಿ. ಬಿಳಿ ಬಣ್ಣ ಬಳಿಯೋದಿಲ್ಲ. ಬಳಿದರೆ ಮೊದಲೇ ಕಂಡುಬಿಡುತ್ತದಲ್ಲ, ಏನು ಮಜಾ?

ಕೊನೆಗೂ ರ‍್ಯಾಲಿಯ ದಿನ ಬಂತು. ರ‍್ಯಾಲಿಯಲ್ಲಿ ಗಡಿಯಾರವೇ ದೇವರು. ಗಾಡಿಗಳನ್ನು ಒಂದರ ಹಿಂದೆ ಒಂದು ನಿಮಿಷ ಲೆಕ್ಕ ಹಾಕಿ ಬಿಡುತ್ತಾರೆ. ಉದ್ಘಾಟನೆಗೆ ಬರಬೇಕಾದ ಗಣ್ಯರು ಮಾತ್ರ ಗಣ್ಯರ ಟೈಮಿಗೇ ಬಂದರು. ಹಾರ, ಶಾಲು, ಮೈಸೂರು ಪೇಟ ಆಯಿತು. ರಸ್ತೆ ಸುರಕ್ಷತೆ ಬಗ್ಗೆ ಭಾಷಣವೂ ಆಯಿತು. ಯುವಕರು ವೇಗದ ಮೋಹ ಬಿಡಬೇಕು ಅಂತ ರೇಸಿಗೆ ಬಂದವರಿಗೇ ಕರೆ ಕೊಟ್ಟರು. ಚಪ್ಪಾಳೆ ಬಿತ್ತು. ಆಮೇಲೆ ಸೈರನ್ ಹಾಕಿಕೊಂಡು ರಾಂಗ್ ಸೈಡಿನಲ್ಲಿ ಇನ್ನೊಂದು ಉದ್ಘಾಟನೆಗೆ ಹೊರಟರು. ಅಕ್ಕ, ಬಾವುಟ ತೋರಿಸೋಕೆ ನಿಂತಿದ್ದ ಮಾರ್ಷಲ್ ಹುಡುಗನ ಕೈಯನ್ನೇ ನೋಡುತ್ತಿದ್ದಳು. ಅವನು ಬಾವುಟ ಎತ್ತಲಿಲ್ಲ.

ನಮ್ಮ ಹುಡುಗ ಚೆನ್ನಾಗೇ ಓಡಿಸಿದ. ಗಾಡಿ ಒಂದೇ ತುಂಡಾಗಿ ವಾಪಸ್ ಬಂತು. ಮೊದಲ ಸಲಕ್ಕೆ ಅದೇ ದೊಡ್ಡದು. ಆದರೆ ಒಂದು ಕಡೆ ಎಡವಟ್ಟಾಯಿತು. ಟೈಮ್ ಕಂಟ್ರೋಲ್ ಅಂತ ಇರುತ್ತದೆ, ಅಲ್ಲಿಗೆ ಹೇಳಿದ ನಿಮಿಷಕ್ಕೇ ಹಾಜರಾಗಬೇಕು. ತಡವಾದರೆ ನಿಮಿಷಕ್ಕೆ 10 ಸೆಕೆಂಡ್ ದಂಡ. ಮುಂಚೆ ಬಂದರೆ ನಿಮಿಷಕ್ಕೆ ಒಂದು ಪೂರ್ತಿ ನಿಮಿಷ. ತಡವಾಗಿ ಬರೋದು ಸಣ್ಣ ತಪ್ಪು, ಮುಂಚೆ ಬರೋದು ಘೋರ ಅಪರಾಧ. ಈ ಒಂದು ನಿಯಮ ಮಾತ್ರ ನಮ್ಮವರೇ ಕೂತು ಬರೆದದ್ದಿರಬೇಕು. ಹುಡುಗ ಗಡಿಬಿಡಿಯಲ್ಲಿ ಒಂದು ನಿಮಿಷ ಮುಂಚೆಯೇ ನುಗ್ಗಿಬಿಟ್ಟ. ಒಂದು ನಿಮಿಷ ಪೆನಾಲ್ಟಿ ಬಿತ್ತು. ಪಟ್ಟಿಯಲ್ಲಿ ಎಷ್ಟೋ ಕೆಳಗೆ ಹೋದ.

ಸಂಜೆ ಮನೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದ. ಭಾವ ಬಂದು ಪಕ್ಕದಲ್ಲಿ ಕೂತರು. ದಂಡದ ವಿಷಯದಲ್ಲಿ ಅವರಿಗೆ ಅನುಭವ ಜಾಸ್ತಿ. ಬೆಂಗಳೂರಿನ ಕ್ಯಾಮೆರಾಗಳು ಅವರ ಗಾಡಿಯ ಫೋಟೋ ತೆಗೆದಷ್ಟು ಅವರ ಮದುವೆಯಲ್ಲೂ ಯಾರೂ ತೆಗೆದಿಲ್ಲ. ಆದರೂ ಅವರು ತಲೆ ಕೆಡಿಸಿಕೊಂಡವರಲ್ಲ. 2023ರ ಫೆಬ್ರವರಿಯಲ್ಲಿ ಸರ್ಕಾರ ಬಾಕಿ ಟ್ರಾಫಿಕ್ ದಂಡಕ್ಕೆ ಆಷಾಢದ ಸೀರೆ ಅಂಗಡಿಯ ಥರ ಅರ್ಧಕ್ಕರ್ಧ ರಿಯಾಯಿತಿ ಬಿಟ್ಟಾಗ ಕಟ್ಟಿದರು. 2025ರಲ್ಲಿ ಮತ್ತೆ ಬಿಟ್ಟಾಗ ಮತ್ತೆ ಕಟ್ಟಿದರು. ತಕ್ಷಣ ಪೂರ್ತಿ ಕಟ್ಟಿದವರನ್ನು ಕಂಡರೆ ಅವರಿಗೆ ಅಯ್ಯೋ ಪಾಪ ಅನಿಸುತ್ತದೆ.

ಮಗನ ಬೆನ್ನು ತಟ್ಟಿ ಹೇಳಿದರು: "ಒಂದು ನಿಮಿಷಕ್ಕೆಲ್ಲ ಯಾಕೋ ಬೇಜಾರು? ಈಗ್ಲೇ ಒಪ್ಕೊಂಡುಬಿಡ್ಬೇಡ. ಸ್ವಲ್ಪ ದಿನ ಸುಮ್ನಿರು, ಐವತ್ತು ಪರ್ಸೆಂಟ್ ಬಿಡ್ತಾರೆ."