ಮೊದಲು ಶಟ್‌ಡೌನ್, ಆಮೇಲೆ ಮ್ಯಾನೇಜ್‌ಮೆಂಟ್

1958ರಿಂದ ಪಿಡಿಎ ಕಾಲೇಜು ಎಂಜಿನಿಯರುಗಳನ್ನು ತಯಾರು ಮಾಡುತ್ತಿರುವ ಊರು ಕಲಬುರಗಿ. ಆದರೂ ಅಲ್ಲಿ ಬಿಇ ಮುಗಿದ ಕೂಡಲೇ ಮನೆಯವರ ಸಲಹೆ ಒಂದೇ: ಪಿಜಿಸಿಇಟಿ ಪ್ರವೇಶ ಪರೀಕ್ಷೆ ಬರಿ, ಎಂಬಿಎ ಮಾಡು, ಮ್ಯಾನೇಜರ್ ಆಗು. ನಾನಿರುವ ಅಮೆರಿಕದ ಸ್ಯಾನ್ ಹೊಸೆ ಸುತ್ತಮುತ್ತ ಎಂಜಿನಿಯರಿಂಗ್ ಮ್ಯಾನೇಜ್‌ಮೆಂಟ್ ಎಂಎಸ್‌ಗೆ ಹಗಲು ಕೆಲಸ ಮಾಡಿ ಸಂಜೆ ತರಗತಿಗೆ ಬರುವವರು ಬಹಳ. ಮೊದಲು ಕೆಲಸ, ಆಮೇಲೆ ಮ್ಯಾನೇಜ್‌ಮೆಂಟ್ ಓದು ಎಂಬ ಈ ಕ್ರಮವೇ ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಅನುಭವವಿಲ್ಲದೆ ನೇರ ಬಂದವರು ಸಿಕ್ಕಿಬೀಳುವುದು ಕೆಲಸ ಹುಡುಕುವಾಗ. ಈ ಕೋರ್ಸಿನಲ್ಲಿ ಪ್ರಾಜೆಕ್ಟ್ ಯೋಜನೆ, ವೆಚ್ಚದ ಲೆಕ್ಕ, ಗುಣಮಟ್ಟ, ಪೂರೈಕೆ ಸರಪಳಿ ಕಲಿಸುತ್ತಾರೆ. ಕೋಡಿಂಗ್ ಸಂದರ್ಶನಕ್ಕೆ ತಯಾರು ಮಾಡುವುದಿಲ್ಲ. ಎಂಜಿನಿಯರಿಂಗ್ ಮ್ಯಾನೇಜರ್ ಹುದ್ದೆಗೆ ಜನರನ್ನು ನಡೆಸಿರಬೇಕು. ಟೆಕ್ನಿಕಲ್ ಪ್ರೋಗ್ರಾಂ ಮ್ಯಾನೇಜರ್‌ಗೆ ತನ್ನ ಕೈಕೆಳಗಿಲ್ಲದ ತಂಡಗಳಿಂದಲೂ ಕೆಲಸ ತೆಗೆದು ಗೊತ್ತಿರಬೇಕು. ಎರಡೂ ಇಲ್ಲದವರನ್ನು ಮೊದಲ ಸುತ್ತಿನಲ್ಲೇ ಬಿಡುತ್ತಾರೆ. ವಿದ್ಯಾರ್ಥಿ ವೀಸಾದವರಿಗೆ ಗಡುವೂ ಇದೆ: ಓದಿನ ನಂತರ ಅಮೆರಿಕದಲ್ಲಿ ಕೆಲಸ ಮಾಡಲು ಸಿಗುವ 12 ತಿಂಗಳ ಅನುಮತಿಯಾದ ಒಪಿಟಿಯಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರುವಂತಿಲ್ಲ. ಮುಂದಿನ 24 ತಿಂಗಳ ವಿಸ್ತರಣೆ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯ ಕೋರ್ಸುಗಳಿಗೆ ಮಾತ್ರ. ಎಂಜಿನಿಯರಿಂಗ್ ಮ್ಯಾನೇಜ್‌ಮೆಂಟಿನ 15.1501 ಎಂಬ ಕೋರ್ಸ್ ಸಂಕೇತ ಆ ಪಟ್ಟಿಯಲ್ಲಿದೆ. ಆದರೆ ಹೆಸರು ನೋಡಿ ನಂಬಬೇಡಿ, ವೀಸಾಕ್ಕಾಗಿ ವಿಶ್ವವಿದ್ಯಾಲಯ ಕೊಡುವ ಐ-20 ಪತ್ರದಲ್ಲಿ ಯಾವ ಸಂಕೇತ ಹಾಕಿದ್ದಾರೆ ನೋಡಿ.

ಅನುಭವಕ್ಕೆ ಬೆಂಗಳೂರೇ ಬೇಕೆಂದಿಲ್ಲ. ವಾಡಿ, ಮಳಖೇಡ, ಸೇಡಂನ ಸಿಮೆಂಟ್ ಕಾರ್ಖಾನೆಗಳಲ್ಲಿ ಕಿಲ್ನ್ (ಸಿಮೆಂಟ್ ಸುಡುವ ಗೂಡು) ನಿಲ್ಲಿಸಿ ಒಳಗಿನ ಇಟ್ಟಿಗೆ ಬದಲಿಸುವ ಶಟ್‌ಡೌನ್ ಒಂದನ್ನು ಮೊದಲಿಂದ ಕೊನೆಯವರೆಗೆ ನೋಡಿದವನಿಗೆ ಕ್ರಿಟಿಕಲ್ ಪಾತ್, ಅಂದರೆ ಒಂದು ತಡವಾದರೆ ಇಡೀ ಕೆಲಸವೇ ತಡವಾಗುವ ಹಂತಗಳ ಸರಣಿ, ಪುಸ್ತಕದಲ್ಲಿ ಹುಡುಕಬೇಕಾಗಿಲ್ಲ. ಕಿಲ್ನ್ ತಣಿಯಬೇಕು, ಸವೆದ ಇಟ್ಟಿಗೆ ಒಡೆದು ತೆಗೆಯಬೇಕು, ಹೊಸದು ಕೂರಿಸಬೇಕು, ಮತ್ತೆ ಕಾಯಿಸಬೇಕು. ಒಡೆಯುವುದಕ್ಕೆ ಇನ್ನೊಂದು ಪಾಳಿ ಹಾಕಿ ಒಂದಿಷ್ಟು ಗಂಟೆ ಉಳಿಸಬಹುದು. ಕಾಯಿಸುವುದನ್ನು ಅವಸರ ಮಾಡುವಂತಿಲ್ಲ. ಶಾಖ ಜೋರಾಗಿ ಏರಿದರೆ ಹೊಸ ಇಟ್ಟಿಗೆ ಬಿರುಕು ಬಿಟ್ಟು ಮತ್ತೆ ಕಿಲ್ನ್ ನಿಲ್ಲುತ್ತದೆ. ಇತ್ತ ಇಟ್ಟಿಗೆ ಲಾರಿ ಒಂದು ದಿನ ತಡವಾದರೆ ಇಡೀ ಕೆಲಸವೇ ಒಂದು ದಿನ ಹಿಂದೆ. ಅದೇ ಹೊತ್ತಿಗೆ ನಡೆಯುವ ಕನ್ವೇಯರ್ ರಿಪೇರಿಗೆ ಸಮಯದ ಸಡಿಲಿರುತ್ತದೆ, ಅಲ್ಲಿಂದ ಜನರನ್ನು ಎತ್ತಬಹುದು. ಚಿಪ್ ಕಂಪನಿಯ ಸಂದರ್ಶನದಲ್ಲೂ ಕೇಳುವುದು ಇಂಥ ತೀರ್ಮಾನಗಳನ್ನೇ. ಕಲಬುರಗಿಯ ದಾಲ್‌ಮಿಲ್‌ಗಳಲ್ಲೂ ಪಾಠವಿದೆ: ಸುಗ್ಗಿಯಲ್ಲಿ ತೊಗರಿ ಕೊಂಡು ಹಣ ದಾಸ್ತಾನಿನಲ್ಲಿ ಸಿಕ್ಕಿಕೊಂಡಾಗ ದುಡಿಯುವ ಬಂಡವಾಳ ಎಂದರೇನೆಂದು ತಿಳಿಯುತ್ತದೆ.

ಬೀದರ, ಯಾದಗಿರಿಯ ಹುಡುಗ ಹುಡುಗಿಯರು ಹೈದರಾಬಾದಿಗೆ ಹೋದರೂ ಆದೀತು. ಎರಡು ಮೂರು ವರ್ಷ ದುಡಿದು ಬನ್ನಿ ಎಂಬುದಷ್ಟೇ ನನ್ನ ಒತ್ತಾಯ.

ಪ್ರಾಜೆಕ್ಟ್ ಮ್ಯಾನೇಜರುಗಳ ಪ್ರಮಾಣಪತ್ರವಾದ ಪಿಎಂಪಿ ಪರೀಕ್ಷೆಗೂ ಪದವೀಧರರಿಗೆ 36 ತಿಂಗಳು ಪ್ರಾಜೆಕ್ಟ್ ನಡೆಸಿದ ಅನುಭವ, 35 ಗಂಟೆ ತರಬೇತಿ ಬೇಕು. ಅಷ್ಟಿಲ್ಲದವರು 23 ಗಂಟೆ ತರಬೇತಿ ಸಾಕಾಗುವ, ಅದರ ಆರಂಭಿಕ ಹಂತದ ಕ್ಯಾಪ್‌ಎಂನಿಂದ ಶುರು ಮಾಡಲಿ. ಪಿಎಂಪಿಗೆ ಒಂದೇ ತಿಂಗಳಲ್ಲಿ ಎರಡು ಪ್ರಾಜೆಕ್ಟ್ ಮಾಡಿದ್ದರೂ ಲೆಕ್ಕಕ್ಕೆ ಬರುವುದು ಒಂದೇ ತಿಂಗಳು. ಕೆಲವು ಅರ್ಜಿಗಳನ್ನು ಆರಿಸಿ ದಾಖಲೆ ಕೇಳುತ್ತಾರೆ. ಆದ್ದರಿಂದ ಕೆಲಸಕ್ಕೆ ಸೇರಿದ ದಿನದಿಂದಲೇ ಪ್ರಾಜೆಕ್ಟಿನ ಹೆಸರು, ತಾರೀಖು, ನಿಮ್ಮ ಪಾತ್ರ, ಖಾತ್ರಿ ಕೊಡಬಲ್ಲ ಮೇಲಧಿಕಾರಿಯ ಹೆಸರು ಬರೆದಿಟ್ಟುಕೊಳ್ಳಿ.